ಸರ್ವೆ ನಂಬರಿನ ಕಾಲಂ

ಸಹಿ ಹಾಳೆಯಲ್ಲಿ ಮೊದಲಿಗೆ ಇದ್ದದ್ದು ನಾಲ್ಕೇ ಕಾಲಂ: ಕ್ರಮ ಸಂಖ್ಯೆ, ತಂದೆಯ ಹೆಸರಿನ ಸಮೇತ ಹೆಸರು, ಊರು, ಸಹಿ ಅಥವಾ ಹೆಬ್ಬೆಟ್ಟು. ಐದನೆಯದನ್ನು ಸೇರಿಸಿದವಳು ನಾನು. ಯಾರೂ ಬಲವಂತ ಮಾಡಲಿಲ್ಲ. ಕಂಪ್ಯೂಟರಿನಲ್ಲಿ ಇನ್ನೊಂದು ಗೆರೆ ಎಳೆಯುವುದಕ್ಕೆ ಎಷ್ಟು ಹೊತ್ತು ಬೇಕು?

ಹೊನ್ನಾಳಿಯ ತಾಲ್ಲೂಕು ಕಚೇರಿ ಎದುರಿಗೆ ನನ್ನದೊಂದು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ. ಪಹಣಿ ತೆಗೆದುಕೊಡುವುದು, ವಂಶವೃಕ್ಷದ ಅರ್ಜಿ, ಬಾಡಿಗೆ ಕರಾರು, ತಕರಾರು ಅರ್ಜಿ, ದಿನವೂ ಇದೇ. ರೈಲು ಹೋರಾಟ ಸಮಿತಿಯವರೂ ಮೊದಲು ಗಿರಾಕಿಗಳಾಗಿಯೇ ಬಂದರು. ಅವರ ಅರ್ಜಿಗಳನ್ನು ಟೈಪ್ ಮಾಡುತ್ತ, ಒಕ್ಕಣೆ ತಿದ್ದುತ್ತ, ಫೈಲು ಹೊಲಿದಿಡುತ್ತ ಹೋದೆ. ಒಂದು ದಿನ ಲೆಟರ್‌ಹೆಡ್ಡಿನ ಪ್ರೂಫ್ ನೋಡುವಾಗ ಕಾರ್ಯದರ್ಶಿ ಎಂಬ ಜಾಗದಲ್ಲಿ ನನ್ನ ಹೆಸರಿತ್ತು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕು ಊರುಗಳಲ್ಲಿ ಒಂದರಲ್ಲೂ ಸ್ಟೇಷನ್ನಿಲ್ಲ. ರೈಲು ಹತ್ತಬೇಕೆಂದರೆ ಮೊದಲು ಬಸ್ಸು ಹತ್ತಬೇಕು. ಸಮಿತಿಯ ಅಧ್ಯಕ್ಷರು ಚನ್ನಗಿರಿಯ ನಿವೃತ್ತ ಪೋಸ್ಟ್ ಮಾಸ್ಟರು. ಅವರ ತಂದೆಯೂ ಇದೇ ರೈಲಿಗಾಗಿ ಅರ್ಜಿ ಹಾಕುತ್ತಿದ್ದವರು. ಎಲ್ಲದರ ಪ್ರತಿಗಳೂ ಒಂದು ಕಬ್ಬಿಣದ ಟ್ರಂಕಿನಲ್ಲಿವೆ. ಅಡಿಯಲ್ಲಿ ಮಸಿಯಲ್ಲಿ ಬರೆದವು, ‘ಮಹಾಸ್ವಾಮಿಗಳ ಪಾದಗಳಿಗೆ’ ಎಂದು ಶುರುವಾಗುವಂಥವು. ಅದರ ಮೇಲೆ ನೀಲಿ ಕಾರ್ಬನ್ ಪ್ರತಿಗಳು, ಅದರ ಮೇಲೆ ನಾನು ಟೈಪ್ ಮಾಡಿದ ‘ಮಾನ್ಯರೇ’ಗಳು. ಒಕ್ಕಣೆ ಬದಲಾಗಿದೆ, ಉತ್ತರ ಬದಲಾಗಿಲ್ಲ: ಸೂಕ್ತ ಕ್ರಮಕ್ಕಾಗಿ ರವಾನಿಸಲಾಗಿದೆ.

“ನಮ್ಮಪ್ಪ ಸಾಯೋ ಮುಂದೆ ಮನೆ ಪತ್ರ ನಮ್ಮಣ್ಣಗೆ ಕೊಟ್ಟ, ನನಗೆ ಈ ಟ್ರಂಕು ಕೊಟ್ಟ” ಎನ್ನುತ್ತಿದ್ದರು ಅಧ್ಯಕ್ಷರು. “ಅಣ್ಣ ಮನೆ ಮಾರಿದ. ಇದನ್ನ ಯಾರು ಕೊಳ್ತಾರೆ?”

ಕಳೆದ ಸಲ ಅಧ್ಯಕ್ಷರು ಸಹಿಗಳ ಕಟ್ಟು ತೆಗೆದುಕೊಂಡು ಹೋದಾಗ ಒಂದು ಎಡವಟ್ಟಾಯಿತು. ರೈಲ್ವೆಯ ಮೇಲಿನ ಕಚೇರಿಯಲ್ಲಿ ಒಬ್ಬರು ಹಾಳೆ ತಿರುವುತ್ತ ಜಗಳೂರು ತಾಲ್ಲೂಕಿನ ಸೊಕ್ಕೆಯ ಪುಟದಲ್ಲಿ ನಿಂತರಂತೆ. ಒಂದೇ ಪುಟದಲ್ಲಿ ಹನ್ನೊಂದು ಕಡೆ ಬಸಪ್ಪ ಎಂಬ ಒಂದೇ ಹೆಸರು, ತಂದೆಯ ಹೆಸರೂ ಅದೇ. “ಯಜಮಾನ್ರೇ, ಇವೆಲ್ಲ ಒಬ್ಬರೇ ಹಾಕಿದಂಗೆ ಕಾಣ್ತವಲ್ಲ” ಎಂದರಂತೆ. ಹನ್ನೊಂದೂ ಜನ ಜೀವಂತ ಇದ್ದಾರೆ, ಊರ ದೇವರ ಹೆಸರು ಹೊತ್ತು ತಿರುಗುತ್ತಾರೆ. ಅದನ್ನು ಕಾಗದದ ಮೇಲೆ ಹೆಂಗೆ ತೋರಿಸುವುದು?

ನನ್ನ ಅಂಗಡಿಯಲ್ಲಿ ಮೂವರು ಕೂತೆವು: ಅಧ್ಯಕ್ಷರು, ಸಮಿತಿಯ ಇನ್ನೊಬ್ಬ ಸದಸ್ಯರಾದ ಬಸವಾಪಟ್ಟಣದ ಟೈಲರ್ ಸಾಹೇಬರು, ನಾನು.

“ಆಧಾರ್ ನಂಬರ್ ಬರೆಸಾಣೇನು?” ಎಂದರು ಅಧ್ಯಕ್ಷರು.

“ಕೇಳಿ ನೋಡ್ರಿ. ಬ್ಯಾಂಕಿನಾಗಿರೋದು ಖಾಲಿ ಮಾಡಾಕೆ ಬಂದಾರೆ ಅಂತ ಬಾಗ್ಲು ಹಾಕ್ಕೊಂತಾರೆ” ಎಂದರು ಸಾಹೇಬರು.

“ಹಂಗಾರೆ ಅಡ್ಡಹೆಸರು. ಮಿಲ್ಟ್ರಿ ಬಸಪ್ಪ, ಮಜ್ಜಿಗೆ ಬಸಪ್ಪ...”

“ಮಜ್ಜಿಗೆ ಬಸಪ್ಪನ ಮುಂದೆ ಕೂತು ಮಜ್ಜಿಗೆ ಬಸಪ್ಪ ಅಂತ ಬರೆದು, ಆಮೇಲೆ ಊರ ಹೊರಗೆ ಬರ್ರಿ ನೋಡಾಣ.”

ಆಗ ನಾನು ಹೇಳಿದೆ, ಹೊಲದ ಸರ್ವೆ ನಂಬರು ಬರೆಸೋಣ ಅಂತ. ನಮ್ಮ ಕಡೆ ತಮ್ಮ ಹುಟ್ಟಿದ ತಾರೀಕು ಗೊತ್ತಿಲ್ಲದವರಿಗೂ ಹೊಲದ ನಂಬರು ಹಿಸ್ಸಾ ಸಮೇತ ಬಾಯಿಗೆ ಬರುತ್ತದೆ. ಕೇಳಿದರೆ ಬೇಜಾರಿಲ್ಲ, ಹೆಮ್ಮೆಯಿಂದಲೇ ಹೇಳುತ್ತಾರೆ. ಇಬ್ಬರು ಒಂದೇ ಹೆಸರಿನವರಿರಬಹುದು, ಜಂಟಿ ಬಿಟ್ಟರೆ ಇಬ್ಬರ ಹೊಲ ಒಂದೇ ಇರುವುದಿಲ್ಲ. ದಿನಾ ಪಹಣಿ ತೆಗೆಯುವ ನನಗೆ ಅದು ತೀರಾ ಸಹಜವಾಗಿ ಕಂಡಿತು.

ಸಾಹೇಬರು ಹೆಗಲ ಮೇಲಿನ ಅಳತೆ ಟೇಪು ಸರಿಮಾಡಿಕೊಂಡರು. “ಜಮೀನಿಲ್ಲದೋರು ರೈಲು ಹತ್ತಂಗಿಲ್ಲೇನಕ್ಕಾ?”

“ಅಂಥವರಿಗೆ ‘ಇಲ್ಲ’ ಅಂತ ಬರೆದ್ರಾತು ಸಾಹೇಬ್ರೆ.”

“ಬರೀರಿ. ಮದುವೆಗೆ ಕರಿಯಾಕೆ ಬಂದೋರು, ಅಟ್ಟದ ಮ್ಯಾಲೆ ಏನೈತೆ ಅಂತ ಕೇಳಿದಂಗೆ ಆಗ್ತೈತೆ ನೋಡ್ರಿ ಇದು” ಎಂದು ನಕ್ಕರು. ನಾವೂ ನಕ್ಕೆವು. ಅವತ್ತೇ ಸಂಜೆ ಐದು ಕಾಲಮ್ಮಿನ ಹಾಳೆ ಪ್ರಿಂಟಾಯಿತು.

ಊರೂರಿಗೆ ಹೋಗುವಾಗ ಜನಕ್ಕೆ ತೋರಿಸಲು ಅಧ್ಯಕ್ಷರು ಒಂದು ನಕ್ಷೆ ಮಾಡಿಕೊಂಡರು. ಶಾಲೆಯ ಗೋಡೆಗೆ ಹಾಕುವಂಥ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಊರಿಂದ ಊರಿಗೆ ಕೆಂಪು ಪೆನ್ಸಿಲ್ಲಿನಲ್ಲಿ ಗೆರೆ. ಯಾವ ಇಂಜಿನಿಯರೂ ಹಾಕಿದ್ದಲ್ಲ, ಸ್ಕೇಲ್ ಎಲ್ಲಿ ಕೂತಿತೋ ಅಲ್ಲಿ ರೈಲು ಹೋಯಿತು. ಓಡಾಟವಿಲ್ಲದ ದಿನ ಅದು ನನ್ನ ಅಂಗಡಿಯ ಗೋಡೆಯ ಮೇಲೆ ತೂಗುತ್ತಿತ್ತು.

ನ್ಯಾಮತಿ ತಾಲ್ಲೂಕಿನ ಗೋವಿನಕೋವಿಗೆ ಒಂದು ಭಾನುವಾರ ಹೋದೆವು. ಕಟ್ಟೆಯ ಮೇಲೆ ಹಾಳೆ ಹರಡಿದೆ. ಹೆಣ್ಣುಮಕ್ಕಳು ದೂರದಲ್ಲಿ ನಿಂತಿದ್ದರು, ಅವರ ಹೆಸರನ್ನು ಮನೆಯ ಗಂಡಸರು ಹೇಳುವುದು ವಾಡಿಕೆ. ಒಬ್ಬ ಹೆಂಗಸು ಮಾತ್ರ ಸೀದಾ ಬಂದು ನನ್ನ ಎದುರು ಕೂತರು. ನನಗಿಂತ ಏಳೆಂಟು ವರ್ಷ ದೊಡ್ಡವರು, ಗಂಡ ತೀರಿಕೊಂಡಿದ್ದಾರೆ. ಸಕ್ಕರೆ ಕಾಯಿಲೆ, ತಿಂಗಳಿಗೊಂದು ಸಲ ದಾವಣಗೆರೆಯ ದವಾಖಾನೆಗೆ ಹೋಗಬೇಕು. ಬಸ್ಸು ನಡುವೆ ನಿಲ್ಲುವುದಿಲ್ಲವೆಂದು ಹೊರಡುವ ಹಿಂದಿನ ದಿನದಿಂದಲೇ ನೀರು ಕುಡಿಯುವುದು ಬಿಡುತ್ತಾರಂತೆ.

“ರೈಲಿನಾಗೆ ಲೆಟ್ರಿನ್ ಇರ್ತೈತಂತಲ್ಲ ತಂಗಿ?”

“ಇರ್ತೈತಕ್ಕ.”

“ಹಂಗಾರೆ ಮೊದ್ಲು ನನ್ನ ಹೆಸ್ರು ಬರಿ. ಎಪ್ಪತ್ತೆರಡರ ಮೂರು. ಒಂದೆಕ್ರೆ ಹದಿನಾರು ಗುಂಟೆ, ಮೈದುನನ ಜೊತೆ ಜಂಟಿ.” ಆಮೇಲೆ ಪೆನ್ನು ಇಸಿದುಕೊಂಡು ತಾವೇ ಸಹಿ ಮಾಡಿದರು, ಒಂದೊಂದೇ ಅಕ್ಷರ. ಅವರ ಹಿಂದೆ ಮೂಲೆಮನೆಯವರು, ಆಮೇಲೆ ಹಾಲಿನ ಡೈರಿಯವರು, ಹಿಂಗೆ ಕಟ್ಟೆಯ ಮೇಲೆ ಯಾರು ಹತ್ತಿರ ಕೂತಿದ್ದರೋ ಅವರು.

ಅದಾಗಿ ಸ್ವಲ್ಪ ದಿನಕ್ಕೆ ಅಂಗಡಿ ಮುಂದೆ ಒಂದು ಬಿಳಿ ಕಾರು ನಿಂತಿತು. ಇಳಿದವರದು ಒಗೆದ ಅಂಗಿ, ಒಳ್ಳೆ ಮಾತು. ರೈಲು ಹೋರಾಟದ ಬಗ್ಗೆ ಕೇಳಿದ್ದೇನೆ, ಮೇಲಿನವರ ಪರಿಚಯ ಇದೆ, ಒಂದು ಪ್ರತಿ ಕೊಟ್ಟರೆ ತಲುಪಿಸುತ್ತೇನೆ ಎಂದರು. ನ್ಯಾಮತಿ ಕಟ್ಟು ಸಾಕು ಎಂದರು. ನಾನೇ ಒಂದೊಂದು ಹಾಳೆಯನ್ನೂ ಮಷಿನ್ನಿನ ಮೇಲೆ ಬೋರಲಿಟ್ಟು ಪ್ರತಿ ತೆಗೆದೆ. ಅಷ್ಟರಲ್ಲಿ ಅವರು ಗೋಡೆಯ ನಕ್ಷೆಯನ್ನು ಮೊಬೈಲಿನಲ್ಲಿ ಹಿಡಿದುಕೊಂಡರು.

“ನಂಬರ್ ಸಮೇತ ಬರೆಸೀರಲ್ಲ. ಎಂಥಾ ಅಚ್ಚುಕಟ್ಟು ಅಕ್ಕಾ ನಿಮ್ಮದು” ಎಂದರು. ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ.

ಹತ್ತು ಹದಿನೈದು ದಿನ ಕಳೆದಿರಬೇಕು. ಗುರುತಿಲ್ಲದ ಇಬ್ಬರು ಬಂದು, ಚೀಟಿಯಲ್ಲಿ ಬರೆದ ನಂಬರುಗಳ ಪಹಣಿ ತೆಗೆದುಕೊಡಿ ಎಂದರು. ಗೋವಿನಕೋವಿಯವು. ಎಪ್ಪತ್ತೆರಡರ ಮೂರು. ಆಮೇಲೆ ನಲವತ್ತೊಂದರ ಒಂದು. ಆಮೇಲೆ ನೂರ ಹದಿನೆಂಟು. ಆಮೇಲೆ ಒಂಬತ್ತರ ಎರಡು. ನಾಲ್ಕನೆಯದಕ್ಕೆ ನನ್ನ ಬೆರಳು ಕೀಲಿಯ ಮೇಲೆ ನಿಂತಿತು. ಜಮೀನು ಹುಡುಕುವವರು ನಂಬರುಗಳನ್ನು ಸಾಲಾಗಿ ಕೇಳುತ್ತಾರೆ, ಇಲ್ಲವೇ ಅಕ್ಕಪಕ್ಕದವನ್ನು ಕೇಳುತ್ತಾರೆ. ಇವು ಊರಿನ ನಾಲ್ಕು ದಿಕ್ಕಿನವು. ಐದನೆಯದು ಯಾವುದೆಂದು ಚೀಟಿ ನೋಡುವ ಮೊದಲೇ ನನಗೆ ಗೊತ್ತಿತ್ತು.

ಅವರು ಹೋದ ಮೇಲೆ ನ್ಯಾಮತಿಯ ಕಟ್ಟು ಬಿಚ್ಚಿ ಬೆರಳಿಟ್ಟು ನೋಡಿದೆ. ಹೊಲ ‘ಇಲ್ಲ’ ಎಂದಿದ್ದ ಸಾಲುಗಳನ್ನು ಬಿಟ್ಟಿದ್ದರು. ಉಳಿದ ಹದಿನಾಲ್ಕೂ ಅದೇ ಕ್ರಮದಲ್ಲಿದ್ದವು. ಆ ಕ್ರಮ ಯಾವ ಸರ್ಕಾರಿ ದಾಖಲೆಯಲ್ಲೂ ಇರಲು ಸಾಧ್ಯವಿಲ್ಲ. ಅದು ಆ ಭಾನುವಾರ ಕಟ್ಟೆಯ ಮೇಲೆ ಕೂತವರ ಕ್ರಮ.

ಯಾರಿಗೆ ಹೇಳುವುದೆಂದು ಎರಡು ದಿನ ಯೋಚಿಸಿದೆ. ಮೂರನೆಯ ದಿನ ಗೋವಿನಕೋವಿಯ ಆ ಅಕ್ಕ ಅಂಗಡಿ ಮೆಟ್ಟಿಲ ಮೇಲೆ ಕೂತಿದ್ದರು.

“ತಂಗಿ, ನಾನು ಅವತ್ತು ಯಾತಕ್ಕೆ ಸಹಿ ಹಾಕೀನಿ?”

“ರೈಲು ಬೇಕು ಅಂತ ಅಕ್ಕ. ಯಾಕೆ?”

“ರೈಲಿಗೆ ಹೊಲ ಬಿಟ್ಟುಕೊಡ್ತೀನಿ ಅಂತ ಹಾಕೀಯ ಅಂತಾರಲ್ಲ. ನನ್ನ ಸಹಿ ನನಗೇ ತೋರಿಸಿದ್ರು.”

ಬಿಳಿ ಕಾರು ಮನೆಮನೆ ಮುಂದೆ ನಿಲ್ಲುತ್ತಿತ್ತಂತೆ. ಅರ್ಜಿಯ ತಲೆಬರಹ ಕಾಣದಂತೆ ಮಡಚಿದ ಪ್ರತಿ, ಅದರ ಪಕ್ಕದಲ್ಲಿ ಮೊಬೈಲಿನಲ್ಲಿ ಕೆಂಪು ಗೆರೆ. ಸರ್ಕಾರ ಹೆಂಗೂ ತಗೊಳ್ಳುತ್ತದೆ, ನೀವೇ ಬರೆದುಕೊಟ್ಟಾಗಿದೆ, ಈಗಲೇ ನಮಗೆ ಕರಾರು ಮಾಡಿಕೊಟ್ಟರೆ ಕೈಗೆ ಏನಾದರೂ ಸಿಗುತ್ತದೆ, ಇಷ್ಟೇ ಮಾತು. ಮೈದುನ ಒಪ್ಪಿದ್ದ. ಬರುವ ಶುಕ್ರವಾರ ಹೊನ್ನಾಳಿಯ ನೋಂದಣಿ ಕಚೇರಿಗೆ ಅತ್ತಿಗೆಯನ್ನೂ ಕರೆದುಕೊಂಡು ಬರುತ್ತೇನೆ ಎಂದು ಮಾತು ಕೊಟ್ಟಿದ್ದ.

“ಆ ಹೊಲ ಬಿಟ್ರೆ ನನಗೆ ಆ ಮನ್ಯಾಗೆ ಒಂದು ತಟ್ಟೆನೂ ಇಲ್ಲ. ಹೊಲ ಐತೆ ಅಂತ ಊಟಕ್ಕೆ ಕರೀತಾರೆ” ಎಂದರು. ಅಳಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು. ಆ ಪ್ರತಿ ತೆಗೆದದ್ದು ನಾನೇ ಎಂದು ಅವರಿಗೆ ಅವತ್ತು ಹೇಳಲು ನನಗೆ ಆಗಲಿಲ್ಲ. ಒಂದು ಲೋಟ ನೀರು ಕೊಟ್ಟೆ. ವಾಪಸ್ ಬಸ್ಸಿದೆ ಎಂದು ಅದನ್ನೂ ಕುಡಿಯಲಿಲ್ಲ.

ಸಂಜೆಯೇ ಅಧ್ಯಕ್ಷರನ್ನೂ ಸಾಹೇಬರನ್ನೂ ಕರೆಸಿ ಎಲ್ಲ ಹೇಳಿದೆ. ಮುಂದಿನ ಸೋಮವಾರ ಮೇಲಿನ ಕಚೇರಿಯಲ್ಲಿ ನಮಗೆ ಭೇಟಿಗೆ ಸಮಯ ಸಿಕ್ಕಿತ್ತು. ಎಷ್ಟೋ ತಿಂಗಳು ಕಾದು ಸಿಕ್ಕಿದ್ದು.

ಅಧ್ಯಕ್ಷರು ಕನ್ನಡಕ ತೆಗೆದು ಒರೆಸುತ್ತ ಕೂತರು. “ಸೋಮವಾರದ ತನಕ ಸುಮ್ಮನಿರಾಣ. ಕಟ್ಟು ಒಪ್ಪಿಸಿ ಬಂದ ಮ್ಯಾಲೆ ಊರೋರಿಗೆ ತಿಳಿಸಾಣ.”

“ಕರಾರು ಶುಕ್ರವಾರ ಐತೆ ಸಾರ್.”

“ಈಗ ಬಾಯಿ ಬಿಟ್ರೆ ಒಂದೂರಿಗೆ ನಿಲ್ಲಲ್ಲಮ್ಮ. ನಾಲ್ಕೂ ತಾಲ್ಲೂಕಿನೋರು ಸಹಿ ವಾಪಸ್ ಕೇಳ್ತಾರೆ. ಬರೀ ಕೈಯಾಗೆ ಹೋಗಾಕೆ ಆಗ್ತೈತಾ?”

“ನಕಲಿನ ಮ್ಯಾಲೆ ಅವರ ಹೊಲಾನೇ ಹೋಗ್ತೈತಲ್ರೀ” ಎಂದರು ಸಾಹೇಬರು. ಅವತ್ತು ಅವರು ನಕ್ಕು ಹೇಳಿದ್ದ ಅಟ್ಟದ ಮಾತೇ ನಿಜವಾಗಿತ್ತಲ್ಲ, ಅದನ್ನು ಎತ್ತಿ ಆಡಲಿಲ್ಲ. ಹೆಗಲ ಮೇಲಿನ ಟೇಪನ್ನು ಬೆರಳಿಗೆ ಸುತ್ತುತ್ತಿದ್ದರು.

“ಹಂಗಾರೆ ಹುಷಾರಾಗಿರ್ರಿ ಅಂತ ಹೇಳಿ ಬರ್ರಿ ಸಾಕು” ಎಂದರು ಅಧ್ಯಕ್ಷರು. “ನಕಲು ನಮ್ಮಿಂದ ಹೋತು ಅಂತ ಹೇಳೋದು ಬ್ಯಾಡ.”

ಮಾರನೆಯ ಬೆಳಿಗ್ಗೆ ಅಂಗಡಿ ತೆರೆದ ತಕ್ಷಣ ಬೇರೆ ಕೆಲಸ ಮುಟ್ಟದೆ ಒಂದು ಹಾಳೆ ಟೈಪ್ ಮಾಡಿದೆ: ಈ ಸಹಿಗಳು ರೈಲು ಕೇಳಲು ಮಾತ್ರ, ಯಾವ ಜಮೀನಿಗೂ ಒಪ್ಪಿಗೆಯಲ್ಲ, ನಕ್ಷೆಯ ಗೆರೆ ನಾವು ಎಳೆದದ್ದು, ಸರ್ಕಾರದ್ದಲ್ಲ, ಹಾಳೆಗಳ ಪ್ರತಿ ನನ್ನ ಅಂಗಡಿಯಿಂದ, ನನ್ನ ಕೈಯಿಂದ ಹೋಗಿದೆ. ಕೆಳಗೆ ಸಹಿ ಹಾಕಿ, ಸೀಲು ಒತ್ತಿ, ಗುರುವಾರ ಮೊದಲ ಬಸ್ಸಿಗೆ ಗೋವಿನಕೋವಿಗೆ ಹೋದೆ. ಸಾಹೇಬರು ಅಂಗಡಿ ಮುಚ್ಚಿ ಜೊತೆಗೆ ಬಂದರು. ಮೂಲ ಹಾಳೆಗಳೂ ನಮ್ಮ ಕೈಯಲ್ಲಿದ್ದವು.

ಹಾಲು ಹಾಕುವ ಹೊತ್ತು, ಜನ ಇದ್ದರು. ನಿಂತೇ ಓದಿದೆ. ನನ್ನ ಕೈಯಿಂದ ಹೋಗಿದೆ ಎಂಬ ಕೊನೆಯ ಸಾಲಿನ ತನಕ.

“ಅಂದ್ರೆ ನೀನೇ ಕೊಟ್ಟೆ, ನೀನೇ ಬಂದು ಹುಷಾರು ಅಂತೀಯ” ಎಂದರು ಡೈರಿಯವರು.

“ಹೌದಣ್ಣ.”

“ಕಳ್ಳಗೆ ಬೀಗದಕೈ ಕೊಟ್ಟು ಮನೆಯವರಿಗೆ ದೀಪ ಹಿಡಿದಂಗಾತು” ಎಂದು ಇನ್ನೊಬ್ಬರೆಂದರು. ಯಾರೋ ನಕ್ಕರು. ಆ ನಗು ಮುಂದಕ್ಕೆ ಹೋಗಲಿಲ್ಲ.

“ಹಾಳೆ ಇಲ್ಲೇ ಐತೆ. ಬ್ಯಾಡ ಅಂದೋರು ನಿಮ್ಮ ಸಾಲು ನೀವೇ ಹೊಡೆದು ಹಾಕ್ರಿ” ಎಂದು ಸಾಹೇಬರು ಪೆನ್ನು ಇಟ್ಟರು. ಒಬ್ಬೊಬ್ಬರಾಗಿ ಬಂದರು. ಕೆಲವರು ಕಾಗದ ಹರಿಯುವಷ್ಟು ಒತ್ತಿ ಗೆರೆ ಹೊಡೆದರು. ನಾನು ನೋಡುತ್ತ ಕೂತೆ, ಅದೂ ಕೆಲಸವೇ. ಅರ್ಧಕ್ಕಿಂತ ಹೆಚ್ಚು ಸಾಲು ಹೋದವು. ಕಡೆಗೆ ಆ ಅಕ್ಕ ಬಂದರು. ನನ್ನ ಕಡೆ ನೋಡಲಿಲ್ಲ. ಐದನೆಯ ಕಾಲಮ್ಮಿನ ನಂಬರಿಗೆ ಮಾತ್ರ ಅಡ್ಡಗೆರೆ ಎಳೆದು, ಹೆಸರು ಸಹಿ ಹಂಗೇ ಬಿಟ್ಟರು. ಹಿಂದೆ ನಿಂತಿದ್ದ ಮೈದುನ “ನಾಳೆ ಹತ್ತು ಗಂಟೆಗೆ ರೆಡಿ ಇರತ್ತಿಗೆ” ಎಂದ. ಊರ ಹೊರಗಿನ ತಿರುವಿನಲ್ಲಿ ಬಿಳಿ ಕಾರು ನಿಂತಿತ್ತು. ನಾವು ಬಸ್ಸು ಹತ್ತುವ ತನಕ ಅಲ್ಲಿಂದ ಕದಲಲಿಲ್ಲ.

ಶುಕ್ರವಾರ ಅದೇ ಕಾರಿನಲ್ಲಿ ಅವರನ್ನು ಕರೆತಂದರು. ನೋಂದಣಿ ಕಚೇರಿಯ ಬಾಗಿಲು ನನ್ನ ಅಂಗಡಿಗೆ ಕಾಣುತ್ತದೆ. ಮುಂದೆ ಮೈದುನ, ಹಿಂದೆ ಕಾರಿನವರು, ನಡುವೆ ಆ ಅಕ್ಕ. ಸೆರಗು ಹೊದ್ದು, ತಲೆ ಬಗ್ಗಿಸಿ ಒಳಗೆ ಹೋದರು. ನನಗೆ ಕರೆಯಿಲ್ಲ, ಹೋಗುವ ಹಕ್ಕೂ ಇಲ್ಲ. ಒಬ್ಬರ ಬಾಡಿಗೆ ಕರಾರು ಅರ್ಧ ಟೈಪಾಗಿತ್ತು, ಅದರ ಮುಂದಿನ ಸಾಲು ಯಾವುದೆಂದು ತಿಳಿಯುತ್ತಿರಲಿಲ್ಲ.

ಸುಮಾರು ಹೊತ್ತಾದ ಮೇಲೆ ಕಚೇರಿಯ ಜವಾನ ರಸ್ತೆ ದಾಟಿ ಬಂದ. “ಅಕ್ಕಾರೆ, ನಮ್ಮ ಆಫೀಸರ್ರು ಕರೀತಾರೆ. ಒಬ್ರು ಅಮ್ಮ ಸಹಿ ಮಾಡ್ತಿಲ್ಲ.”

ನಡೆದದ್ದು ಇಷ್ಟು. ಫೋಟೋ, ಬೆರಳಚ್ಚಿಗೆ ಮೊದಲು ಅಧಿಕಾರಿ ಎಲ್ಲರಿಗೂ ಕೇಳುವಂತೆ ಇವರಿಗೂ ಕೇಳಿದ್ದಾರೆ: ಪತ್ರ ಓದಿ ತಿಳಿದುಕೊಂಡಿದ್ದೀರಾ? ಇಲ್ಲ ಎಂದಿದ್ದಾರೆ. ಮೈದುನ ಓದಿ ಹೇಳುತ್ತೇನೆ ಎಂದರೆ ಬೇಡವಂತೆ, ಕಾರಿನವರೂ ಬೇಡವಂತೆ. ಎದುರಿನ ಅಂಗಡಿಯ ಟೈಪಿನಾಕಿ ಓದಲಿ ಎಂದು ಕೂತುಬಿಟ್ಟಿದ್ದಾರೆ.

ಅಧಿಕಾರಿ ಪತ್ರ ಕೊಟ್ಟರು. ನಿಧಾನಕ್ಕೆ ಓದಿದೆ. ಚೆಕ್ಕುಬಂದಿ ಓದಿದೆ, ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ದಾರಿ. ಪ್ರತಿ ದಿಕ್ಕಿಗೂ ಅವರು ತಲೆ ಆಡಿಸುತ್ತಿದ್ದರು. ಆಮೇಲೆ ಈ ಸಾಲು ಬಂತು: “ಸದರಿ ಸ್ವತ್ತನ್ನು ರೈಲ್ವೆ ಯೋಜನೆಗೆ ಬಿಟ್ಟುಕೊಡಲು ನಾವುಗಳು ಈಗಾಗಲೇ ಲಿಖಿತವಾಗಿ ಒಪ್ಪಿರುತ್ತೇವೆ, ಸ್ವಾಧೀನವನ್ನು ಈ ದಿನವೇ ಖರೀದಿದಾರರಿಗೆ ವಹಿಸಿಕೊಟ್ಟಿರುತ್ತೇವೆ.”

“ಒಪ್ಪೀನೇನು ತಂಗಿ ನಾನು?”

“ಇಲ್ಲಕ್ಕ. ನೀವು ಒಪ್ಪಿಲ್ಲ. ಆ ಹಾಳೆ ಮಾಡಿದೋಳು ನಾನು, ನನಗೆ ಗೊತ್ತು.”

“ಹಂಗಾರೆ ಹೊಲ ಕೊಡಂಗಿಲ್ಲ” ಎಂದು ಎದ್ದರು.

ಇವರನ್ನು ಬಿಟ್ಟು ಉಳಿದವರು ತಮ್ಮ ಭಾಗಕ್ಕೆ ಬೇರೆ ಪತ್ರ ಮಾಡಿಕೊಂಡು ಬರಬಹುದು ಎಂದರು ಅಧಿಕಾರಿ. ಮೈದುನ ಹಲ್ಲು ಕಚ್ಚಿ “ಮನೀಗೆ ಬಾ, ಮಾತಾಡಾಣ” ಎಂದ. ಕಾರಿನವರು ಮಾತ್ರ ನಕ್ಕರು. “ಪರವಾಗಿಲ್ಲಮ್ಮ. ಅವಸರ ಏನೂ ಇಲ್ಲ. ನಾವು ಎಲ್ಲಿಗೂ ಹೋಗಲ್ಲ” ಎಂದು, ನನ್ನ ಕಡೆ ತಿರುಗಿ, “ನಿಮ್ಮ ಅಂಗಡಿ ಬಾಡಿಗೆದೇನಕ್ಕಾ?” ಎಂದು ಕೇಳಿದರು. ಅಷ್ಟೇ ಕೇಳಿದ್ದು. ಮಧ್ಯಾಹ್ನದ ಹೊತ್ತಿಗೆ ಮೈದುನನೊಬ್ಬನೇ ತನ್ನ ಪಾಲನ್ನು ಕ್ರಯಕ್ಕೇ ಬರೆದುಕೊಟ್ಟು ಸಹಿ ಹಾಕಿ ಹೋದ.

ಸೋಮವಾರ ತೆಳ್ಳನೆಯ ಕಟ್ಟು ಹಿಡಿದು ಮೇಲಿನ ಕಚೇರಿಗೆ ಹೋದೆವು. ಅಷ್ಟರಲ್ಲಿ ಸುದ್ದಿ ಸೊಕ್ಕೆಗೂ ಮುಟ್ಟಿತ್ತು, ಅಲ್ಲಿಯ ಹನ್ನೊಂದು ಜನರೂ ಸಾಲು ಹೊಡೆಸಿದ್ದರು. ಕಚೇರಿಯವರು ಮರ್ಯಾದೆಯಿಂದ ಕೂರಿಸಿ, ಅರ್ಜಿ ತೆಗೆದುಕೊಂಡು, ಸ್ವೀಕೃತಿಯ ಮುದ್ರೆ ಒತ್ತಿ ಕೊಟ್ಟರು. ಅಡ್ಡಗೆರೆಗಳ ಬಗ್ಗೆ ಏನೂ ಕೇಳಲಿಲ್ಲ. ಕೇಳಿದ್ದರೆ ಹಾಳೆ ನೋಡಿದರು ಅಂತಾದರೂ ಆಗುತ್ತಿತ್ತು. ವಾಪಸ್ ಬರುವಾಗ ಅಧ್ಯಕ್ಷರು ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತರು. ಇಳಿಯುವಾಗ ಒಂದೇ ಮಾತು ಹೇಳಿದರು: “ನೀನು ಮಾಡಿದ್ದು ಸರಿ ಐತಮ್ಮ. ಇನ್ಮೇಲೆ ಸಹಿಗೆ ಅಂತ ಯಾವೂರಿಗೆ ಹೋಗಾಣ, ಅದನ್ನ ಹೇಳು.”

ಮಳೆ ಹಿಡಿಯುವ ಮುಂಚೆ ಆ ಅಕ್ಕ ಮತ್ತೆ ಬಂದರು. ಕೈಯಲ್ಲಿ ಕೋರ್ಟಿನ ಲಕೋಟೆ. ಮೈದುನನ ಪಾಲು ಕೊಂಡವರು ಜಮೀನು ಭಾಗ ಮಾಡಿಸಿಕೊಡಿ ಎಂದು ದಾವೆ ಹೂಡಿದ್ದರು. ಹೊಲದ ನಡುವೆ ಬಾವಿ ಇದೆ, ಭಾಗವಾದರೆ ಅದು ಯಾರ ಕಡೆಗೆ ಹೋಗುತ್ತದೋ. ಬದುವಿನ ಮೇಲೆ ಯಾರೋ ಸುಣ್ಣ ಬಳಿದ ಕಲ್ಲು ತಂದಿಟ್ಟು ಹೋಗಿದ್ದಾರಂತೆ. ಯಾರು ಎಂದು ಕೇಳಿದರೆ ಊರಲ್ಲಿ ಯಾರೂ ಬಾಯಿ ಬಿಡುವುದಿಲ್ಲವಂತೆ. ಊಟಕ್ಕೆ ಕರೆಯುವುದನ್ನೂ ನಿಲ್ಲಿಸಿದ್ದಾರೆ, ಹಿತ್ತಿಲ ಕಡೆ ಬೇರೆ ಒಲೆ ಹೂಡಿಕೊಂಡಿದ್ದೇನೆ ಎಂದರು.

“ಕೋರ್ಟಿಗೆ ಯಾವತ್ತು ಬರಾಕೆ ಹೇಳ್ಯಾರೆ ನೋಡು.”

ತಾರೀಕು ನೋಡಿ ಹೇಳಿದೆ. ಅವತ್ತು ಅಂಗಡಿ ಮುಚ್ಚಿ ಜೊತೆಗೆ ಬರುತ್ತೇನೆ ಎಂದೆ. ಅವರು ಸ್ಟೂಲು ಎಳೆದುಕೊಂಡು ಹತ್ತಿರ ಕೂತರು.

“ಏನೇನು ಬರೆದಾರೆ, ಓದು. ಒಂದಕ್ಷರ ಬಿಡಬ್ಯಾಡ.”

ಮೊದಲಿಂದ ಓದಿದೆ. ವಾದಿಯ ಹೆಸರು, ವಿಳಾಸ. ಪ್ರತಿವಾದಿ ಎಂದು ಅವರ ಹೆಸರು, ಗಂಡನ ಹೆಸರು, ವಯಸ್ಸು, ಊರು. ಷೆಡ್ಯೂಲು ಸ್ವತ್ತಿನ, ಅಂದರೆ ಆ ಹೊಲದ, ವಿವರಕ್ಕೆ ಬಂದಾಗ ನನ್ನ ದನಿ ನಿಂತಿತು.

“ಎಪ್ಪತ್ತೆರಡರ ಮೂರು” ಎಂದರು ಅವರು. “ಮುಂದಕ್ಕೆ ಓದು ತಂಗಿ.”